ನೆಲದಡಿಯ ಬಂಡೆ ಯಾರ ಲೆಕ್ಕಕ್ಕೆ?

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ 150 ಮಿಲಿಮೀಟರ್ ಅಗಲದ ಮೂರು ಬೋರ್ ಕೊರೆಸಿ ಮಣ್ಣು ಪರೀಕ್ಷೆ ಮಾಡಿಸಿದರೂ ಕಣ್ಣಿಗೆ ಬೀಳುವುದು ನೆಲದ ಸುಮಾರು ಎರಡು ಸಾವಿರದಲ್ಲೊಂದು ಪಾಲು. ಉಳಿದದ್ದು ಊಹೆ. ಆ ಊಹೆ ತಪ್ಪಿದಾಗ ದುಡ್ಡು ಯಾರ ಜೇಬಿನಿಂದ ಹೋಗಬೇಕು ಎಂಬುದು ಅಡಿಪಾಯದ ಗುತ್ತಿಗೆಗಳ ಹಳೇ ಜಗಳ.

ಅನೇಕ ಟೆಂಡರುಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿರುತ್ತದೆ: ಗುತ್ತಿಗೆದಾರ ಸ್ಥಳ ನೋಡಿಕೊಂಡೇ ದರ ಬರೆದಿದ್ದಾನೆ ಎಂದು ಭಾವಿಸಲಾಗುವುದು; ಲಗತ್ತಿಸಿದ ಬೋರ್ ವರದಿ ಮಾಹಿತಿಗೆ ಮಾತ್ರ. ಅಲ್ಲಿಗೆ ಅಪಾಯವೆಲ್ಲ ಅವನ ತಲೆಗೆ. ಆದರೆ ಜಾಗ ವರ್ಷಗಟ್ಟಲೆ ಮಾಲೀಕನ ಕೈಯಲ್ಲಿತ್ತು; ಟೆಂಡರು ಹಾಕುವವನಿಗೆ ಸಿಗುವುದು ಕೆಲವೇ ವಾರ. ಗಟ್ಟಿ ಬಂಡೆ ಬರಬಹುದೆಂದು ನಾಲ್ಕು ಕಾಸು ಸೇರಿಸಿ ದರ ಬರೆದ ಪ್ರಾಮಾಣಿಕನಿಗೆ ಕೆಲಸ ಸಿಗುವುದಿಲ್ಲ. ಸೇರಿಸದವನಿಗೆ ಸಿಗುತ್ತದೆ. ಬಂಡೆ ಎದುರಾದ ದಿನ ಆತ ಕೆಲಸ ನಿಲ್ಲಿಸುತ್ತಾನೆ, ಅಡಿಪಾಯಕ್ಕೆ ನೆಲದೊಳಗೆ ಇಳಿಸುವ ಕಂಬದ, ಅಂದರೆ ಪೈಲಿನ, ಆಳ ಕದಿಯುತ್ತಾನೆ ಅಥವಾ ಮಧ್ಯಸ್ಥಿಕೆಗೆ ಹೋಗುತ್ತಾನೆ. ಮೂರರಲ್ಲಿ ಯಾವುದಾದರೂ ನಷ್ಟ ಮಾಲೀಕನಿಗೇ.

ಬೆಂಗಳೂರಿನ ನೆಲವಂತೂ ಮೋಸಗಾರ. ಲಾಲ್‌ಬಾಗಿನಲ್ಲಿ ಗುಡ್ಡವಾಗಿ ಎದ್ದು ನಿಂತ ನೈಸ್ ಶಿಲೆಯೇ ಬೇರೆಡೆ ಆಳಕ್ಕೆ ಇಳಿದು, ಮೇಲೆ ಶಿಥಿಲಗೊಂಡ ಮಣ್ಣು, ಮಧ್ಯೆ ದಪ್ಪ ಗುಂಡುಗಳನ್ನು ಬಿಟ್ಟಿರುತ್ತದೆ. ಅದರ ಜೊತೆಗೆ ಮುಚ್ಚಿದ ಕೆರೆಗಳು: ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ. ಮೆಟ್ರೊ ಮೊದಲ ಹಂತದಲ್ಲಿ ‘ಗೋದಾವರಿ’ ಸುರಂಗ ಯಂತ್ರ ಚಿಕ್ಕಪೇಟೆಯ ಬಳಿ ಕೆಟ್ಟು ತಿಂಗಳುಗಟ್ಟಲೆ ನಿಂತದ್ದನ್ನು ಊರೆಲ್ಲ ನೋಡಿದೆ.

ಹಾಗೆಂದು ಮಾಲೀಕನೇ ಎಲ್ಲ ಹೊರಲಿ ಎನ್ನುವುದೂ ಸರಿಯಲ್ಲ. ಜಿಬ್ರಾಲ್ಟರ್ ವಿಮಾನ ನಿಲ್ದಾಣದ ರನ್‌ವೇ ಕೆಳಗಿನ ಸುರಂಗ ರಸ್ತೆಯ ಗುತ್ತಿಗೆ ಹಿಡಿದ ಸ್ಪೇನಿನ ಕಂಪನಿ, ನಿರೀಕ್ಷೆಗಿಂತ ಹೆಚ್ಚು ಬಂಡೆ ಮತ್ತು ಕಲುಷಿತ ಮಣ್ಣು ಸಿಕ್ಕಿತೆಂದು ಹೆಚ್ಚುವರಿ ಹಣ, ಕಾಲಾವಕಾಶ ಕೇಳಿತು. ಅನುಭವಿ ಗುತ್ತಿಗೆದಾರ ಮುಂಗಾಣಲಾಗದ ನೆಲಸ್ಥಿತಿ ಎದುರಾದರೆ ಪರಿಹಾರವೆಂದು ಒಪ್ಪಂದದಲ್ಲೇ ಇತ್ತು. ಆದರೂ 2014ರಲ್ಲಿ ಲಂಡನ್ನಿನ ನ್ಯಾಯಾಲಯ ಒಪ್ಪಲಿಲ್ಲ. ಮಿಲಿಟರಿ ಬಳಸಿದ್ದ ಜಾಗ, ಅಲ್ಲಿ ಮಣ್ಣು ಕೆಟ್ಟಿರುತ್ತದೆಂದು ತಿಳಿಯಬೇಕಿತ್ತು, ವರದಿಯ ಅಂಕಿಯನ್ನೇ ನಂಬಿ ಕೂರದೆ ಸ್ವಂತ ಬುದ್ಧಿ ಓಡಿಸಬೇಕಿತ್ತು ಎಂದಿತು. ಮೇಲ್ಮನವಿಯೂ ಸೋತಿತು. ಗುತ್ತಿಗೆ 2011ರಲ್ಲೇ ರದ್ದಾಗಿದ್ದ ಆ ಸುರಂಗ ತೆರೆದದ್ದು 2023ರಲ್ಲಿ. ಗುತ್ತಿಗೆ ಕೊಟ್ಟು ಗೆದ್ದ ಜಿಬ್ರಾಲ್ಟರ್ ಸರ್ಕಾರಕ್ಕೂ ಹನ್ನೆರಡು ವರ್ಷ ರಸ್ತೆಯಿಲ್ಲ!

‘ಮುಂಗಾಣಬಹುದಿತ್ತೇ’ ಎಂಬ ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಬಿಟ್ಟರೆ ಆಗುವುದು ಇದೇ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್ 2019ರಲ್ಲಿ ಸುರಂಗ ತಜ್ಞರ ಜೊತೆ ಸೇರಿ ಹೊರತಂದ ಮಾದರಿ ಒಪ್ಪಂದ ಈ ಪ್ರಶ್ನೆಯನ್ನು ಮೊದಲೇ ಮುಗಿಸಲು ನೋಡುತ್ತದೆ. ಟೆಂಡರಿನ ಜೊತೆಗೇ ಒಂದು ‘ಆಧಾರ ವರದಿ’: ಇಷ್ಟು ಮೀಟರ್ ಮಣ್ಣು, ಇಷ್ಟು ಬಂಡೆ, ಇಷ್ಟು ನೀರು ಎಂದು ಇಬ್ಬರೂ ಒಪ್ಪಿಕೊಂಡ ನೆಲ. ಅದಕ್ಕಿಂತ ಕಷ್ಟದ ನೆಲ ಬಂದರೆ ಖರ್ಚೂ ಸಮಯವೂ ಮಾಲೀಕನದು, ಸುಲಭದ್ದು ಬಂದರೆ ಗಡುವು ಕಡಿಮೆ. ಅಗೆಯುವ ವೇಗ ಮಾತ್ರ ಗುತ್ತಿಗೆದಾರನ ಹೊಣೆ. ಅಪಾಯವನ್ನೆಲ್ಲ ಗುತ್ತಿಗೆದಾರನಿಗೇ ಹೊರಿಸುವ ಮತ್ತೊಂದು ಮಾದರಿಯೂ ಫಿಡಿಕ್‌ನಲ್ಲಿದೆ. ನೆಲದಡಿಯ ದೊಡ್ಡ ಕೆಲಸಗಳಿಗೆ ಅದು ತಕ್ಕದ್ದಲ್ಲವೆಂದು ಬರೆದವರೇ ಎಚ್ಚರಿಸಿದ್ದಾರೆ.

ಸಣ್ಣ ಕಟ್ಟಡಕ್ಕೆ ಇಷ್ಟೆಲ್ಲ ಬೇಡ. ಪೈಲು ಮಣ್ಣಿನಲ್ಲಿ ಇಳಿದರೆ ಮೀಟರಿಗೆ ಒಂದು ದರ, ಬಂಡೆಯಲ್ಲಿ ಇಳಿದರೆ ಇನ್ನೊಂದು ದರ ಎಂದು ಮೊದಲೇ ಬರೆದು, ಇಬ್ಬರೂ ಎದುರಿದ್ದು ಅಳತೆ ಹಾಕಿಕೊಂಡರೆ ಜಗಳದ ಮುಕ್ಕಾಲು ಪಾಲು ಮುಗಿಯಿತು. ಸರ್ಕಾರಿ ಕಾಮಗಾರಿಯಲ್ಲಿ ಮಾತ್ರ ಇನ್ನೊಂದು ಹೆದರಿಕೆಯಿದೆ. ಹೆಚ್ಚುವರಿ ಬಿಲ್ ನ್ಯಾಯವಾದದ್ದೇ ಎಂದು ಗೊತ್ತಿದ್ದರೂ ಸಹಿ ಹಾಕಿದ ಎಂಜಿನಿಯರು ನಾಳೆ ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡಬೇಕು. ಹಾಗಾಗಿ ‘ಕೋರ್ಟಿಗೆ ಹೋಗಿ ತನ್ನಿ’ ಎನ್ನುತ್ತಾನೆ. ಟೆಂಡರಿನಲ್ಲೇ ಒಪ್ಪಿದ ನೆಲದ ಲೆಕ್ಕವಿದ್ದರೆ ಆ ಕಡತದಲ್ಲಿ ಅವನು ತೋರಿಸಲು ಒಂದು ಹಾಳೆಯಾದರೂ ಇರುತ್ತದೆ.