ಶಾಲೆ ತತ್ತಿಗೆ ರೊಕ್ಕ ಯಾರದು? 2027 ಆದಮೇಲೆ ಯಾರು ಕೊಡ್ತಾರೆ?

ಕೊಪ್ಪಳ: ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಬಿಸಿಯೂಟದ ಜೊತೆ ಮಕ್ಕಳಿಗೆ ಬೇಯಿಸಿದ ತತ್ತಿ ಕೊಡೋ ಯೋಜನೆ ಇದೆ. ತಿನ್ನದವರಿಗೆ ಬಾಳೆಹಣ್ಣು. ಇದು ಎಲ್ಲರಿಗೂ ಗೊತ್ತು. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಅಂದ್ರೆ, ಈ ಆರು ದಿನದಲ್ಲಿ ಸರ್ಕಾರದ ರೊಕ್ಕ ಎರಡು ದಿನಕ್ಕಷ್ಟೇ. ಉಳಿದ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು.

2024ರ ಜುಲೈನಲ್ಲಿ ರಾಜ್ಯ ಸರ್ಕಾರ ಮತ್ತು ಫೌಂಡೇಶನ್ ನಡುವೆ ಒಪ್ಪಂದ ಆಯ್ತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 1ರಿಂದ 10ನೇ ತರಗತಿವರೆಗಿನ ಸುಮಾರು 55 ಲಕ್ಷ ಮಕ್ಕಳಿಗೆ ಇದು ಅನ್ವಯ. ಮೂರು ವರ್ಷ ಅಂದ್ರೆ 2027. ಅದರ ಮರುವರ್ಷ, 2028ಕ್ಕೆ, ವಿಧಾನಸಭೆ ಚುನಾವಣೆ. ಒಪ್ಪಂದದ ಅವಧಿ ಮುಗಿಯೋದು, ಸರ್ಕಾರದ ಅವಧಿ ಮುಗಿಯೋದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಆಮೇಲೆ ಆ ನಾಲ್ಕು ತತ್ತಿ ಏನಾಗ್ತವೆ ಅನ್ನೋದನ್ನ ಈಗಲೇ ಕೇಳೋದು ಒಳ್ಳೇದು.

ಸರ್ಕಾರ ಬದಲಾಯ್ತು, ತತ್ತಿ ನಿಲ್ಲಲಿಲ್ಲ

ಶುರುವಾಗಿದ್ದು 2021ರ ಡಿಸೆಂಬರ್‌ನಲ್ಲಿ, ಬಸವರಾಜ ಬೊಮ್ಮಾಯಿ ಅವರ ಬಿಜೆಪಿ ಸರ್ಕಾರ ಇದ್ದಾಗ. ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳಲ್ಲಿ ಮೊದಲು ಕೊಟ್ಟರು: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಬಳ್ಳಾರಿ, ವಿಜಯಪುರ ಮತ್ತು ನಮ್ಮ ಕೊಪ್ಪಳ. ಕೆಲವು ಮಠಾಧೀಶರಿಂದ ಜೋರು ವಿರೋಧ ಬಂತು. ಆಗ ನಮ್ಮ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು, ತತ್ತಿ ನಿಲ್ಲಿಸಿದ್ರೆ ಮಠಕ್ಕೇ ಬಂದು ತಿಂತೀವಿ ಅಂತ ಹೇಳಿದ ವಿಡಿಯೊ ರಾಜ್ಯದ ತುಂಬ ಓಡಾಡಿದ್ದು ನೆನಪಿರಬಹುದು.

ಸರ್ಕಾರ ಹಿಂದೆ ಸರಿಯಲಿಲ್ಲ. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ತತ್ತಿ ಸಿಗ್ತಿದ್ದ ಯಾದಗಿರಿ ಮಕ್ಕಳನ್ನೂ ಸಿಗದಿದ್ದ ಗದಗ ಮಕ್ಕಳನ್ನೂ ಹೋಲಿಸಿ ನೋಡಿದರು. ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಹೋಯ್ತು.

2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಬಂತು. ಹಿಂದಿನವರು ಮಾಡಿದ್ದು ಅಂತ ಹೊಸ ಸರ್ಕಾರ ಇದನ್ನ ಕಿತ್ತು ಹಾಕಲಿಲ್ಲ, 9 ಮತ್ತು 10ನೇ ತರಗತಿಗೂ ವಿಸ್ತರಿಸಿತು. ಫೌಂಡೇಶನ್ ರೊಕ್ಕ ಬಂದಿದ್ದು ಅದರ ನಂತರ.

ಈ ಕ್ರಮವನ್ನ ಗಮನಿಸಬೇಕು. ಮೊದಲು ಸರ್ಕಾರ ತೀರ್ಮಾನ ಮಾಡಿತು, ಬೈಗುಳ ತಿಂದಿತು, ಎರಡು ದಿನದ ರೊಕ್ಕ ತನ್ನ ಕೈಯಿಂದ ಹಾಕಿತು. ಆಮೇಲೆ ದಾನಿ ಬಂದು ಎರಡನ್ನ ಆರು ಮಾಡಿದರು. 2021ರಲ್ಲಿ ಯಾವುದೋ ಒಂದು ಸಂಸ್ಥೆ ತಾನೇ ತತ್ತಿ ಹಂಚೋಕೆ ಹೊರಟಿದ್ರೆ ಆ ವಿರೋಧದ ಎದುರು ಒಂದು ತಿಂಗಳೂ ನಿಲ್ತಿರಲಿಲ್ಲ ಅನ್ನೋದು ನಮ್ಮ ಅಂದಾಜು.

ಪಕ್ಕದ ರಾಜ್ಯದಲ್ಲಿ ಆಗಿದ್ದೇ ಬೇರೆ

ಮಹಾರಾಷ್ಟ್ರದಲ್ಲಿ 2023ರ ಕೊನೆಗೆ ವಾರಕ್ಕೊಂದು ತತ್ತಿ ಕೊಡೋಕೆ ಶುರು ಮಾಡಿದರು. 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರ ತತ್ತಿಗೆ ತನ್ನ ರೊಕ್ಕ ಇಲ್ಲ ಅಂತ ಆದೇಶ ಹೊರಡಿಸಿತು. ಬೇಕಾದ್ರೆ ಶಾಲಾ ಸಮಿತಿಯವರು ಊರಿನ ಜನರಿಂದ ದೇಣಿಗೆ ಎತ್ತಿ ಕೊಡಬಹುದು ಅಂದಿತು. ಅಲ್ಲಿ ಚುನಾವಣೆ ಆಗಿ ಅದೇ ಮೈತ್ರಿಕೂಟ ವಾಪಸ್ ಬಂದಿತ್ತು. ಪಕ್ಷ ಬದಲಾಗದಿದ್ರೂ ತತ್ತಿ ಹೋಯ್ತು.

ಮಧ್ಯಪ್ರದೇಶದಲ್ಲಿ ಕಮಲ್ ನಾಥ್ ಸರ್ಕಾರ ಅಂಗನವಾಡಿಯಲ್ಲಿ ತತ್ತಿ ಕೊಡಬೇಕು ಅಂತಿತ್ತು. 2020ರಲ್ಲಿ ಸರ್ಕಾರ ಬಿತ್ತು. ಹೊಸದಾಗಿ ಬಂದ ಶಿವರಾಜ್ ಸಿಂಗ್ ಚೌಹಾಣ್, ತತ್ತಿ ಬೇಡ ಹಾಲು ಕೊಡೋಣ ಅಂದರು. ಕಥೆ ಮುಗೀತು.

ಸರ್ಕಾರ ಕೈ ಬಿಟ್ಟು ದಾನಿಗಳ ಕಡೆ ಬೆರಳು ತೋರಿಸಿದ್ರೆ ಏನಾಗ್ತದೆ? ರೊಕ್ಕ ಇರೋ ಊರಿನ ಶಾಲೆಗೆ ದಾನಿ ಸಿಗ್ತಾರೆ. ದುಡಿಯೋಕೆ ಗುಳೆ ಹೋಗೋರ ಊರಲ್ಲಿ ಯಾರ ಹತ್ತಿರ ಪಟ್ಟಿ ಎತ್ತೋದು? ತತ್ತಿ ಬಹಳ ಅಗತ್ಯ ಇರೋ ಮಕ್ಕಳಿಗೇ ಮೊದಲು ತಪ್ಪುತ್ತದೆ.

ದಾನದಲ್ಲೂ ಎರಡು ನಮೂನೆ

ದೊಡ್ಡ ದಾನ ಎಲ್ಲಾ ಒಂದೇ ತರ ಇರಲ್ಲ. ಇಸ್ಕಾನ್ ಹಿನ್ನೆಲೆಯ ಅಕ್ಷಯ ಪಾತ್ರ 2000ನೇ ಇಸವಿಯಲ್ಲಿ ಬೆಂಗಳೂರಲ್ಲಿ ಶುರುವಾಗಿ ಇವತ್ತು ದೇಶದ ಲಕ್ಷಾಂತರ ಮಕ್ಕಳಿಗೆ ಊಟ ಕೊಡ್ತದೆ. ದೊಡ್ಡ ಅಡುಗೆಮನೆ, ಅಚ್ಚುಕಟ್ಟು ಕೆಲಸ, ಅದನ್ನ ಒಪ್ಪಬೇಕು. ಸರ್ಕಾರದ ಧಾನ್ಯ, ಅನುದಾನದ ಜೊತೆ ದಾನಿಗಳ ರೊಕ್ಕ ಸೇರಿ ಇದು ನಡೀತದೆ. ಆದ್ರೆ ಆ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ತತ್ತಿ ಇಲ್ಲ. ಈ ಬಗ್ಗೆ ನಮ್ಮ ರಾಜ್ಯದಲ್ಲೇ ದೊಡ್ಡ ಚರ್ಚೆ ಆಗಿತ್ತು. ಅಡುಗೆಮನೆ ದಾನಿ ಕೈಗೆ ಹೋದ್ರೆ ತಟ್ಟೆಗೆ ಏನು ಬೀಳಬೇಕು ಅನ್ನೋದೂ ಅವರ ಕೈಗೇ ಹೋಗ್ತದೆ.

ಪ್ರೇಮ್‌ಜಿ ಅವರ ಫೌಂಡೇಶನ್ ಬೇರೆ ದಾರಿ ಹಿಡಿದಿದೆ. ಅಡುಗೆ ಮಾಡೋರು ನಮ್ಮೂರ ಬಿಸಿಯೂಟದ ಅಕ್ಕಂದಿರೇ. ತತ್ತಿ ಖರೀದಿ ಮಾಡೋರು ಹೆಡ್‌ಮಾಸ್ತರು ಮತ್ತು ಎಸ್‌ಡಿಎಂಸಿ. ಸರ್ಕಾರದ ವ್ಯವಸ್ಥೆ ಒಳಗೇ ರೊಕ್ಕ ಹೋಗ್ತದೆ. ಹಾಗಾಗಿ ನಾಳೆ ಸರ್ಕಾರ ಮನಸ್ಸು ಮಾಡಿದ್ರೆ ಇದನ್ನ ತಾನೇ ಮುಂದುವರಿಸೋದು ಕಷ್ಟ ಇಲ್ಲ.

ಇನ್ನೊಂದು ವಿಷಯ. ಇದು ಕಂಪನಿಗಳ ಸಿಎಸ್‌ಆರ್ ರೊಕ್ಕ ಅಂತ ಬಹಳ ಜನ ತಿಳಕೊಂಡಿದ್ದಾರೆ. ಹಂಗಲ್ಲ. ಫೌಂಡೇಶನ್ ರೊಕ್ಕ ಪ್ರೇಮ್‌ಜಿ ಅವರು ಬರೆದುಕೊಟ್ಟ ವಿಪ್ರೊ ಷೇರುಗಳಿಂದ ಬಂದದ್ದು. ಸಿಎಸ್‌ಆರ್ ಅನ್ನೋದು 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು ಅನ್ನೋ ನಿಯಮ. ಕಂಪನಿ ಇರೋ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳ್ತದೆ. ಗಿಣಗೇರಾ ಸುತ್ತ ಕಾರ್ಖಾನೆಗಳ ಹೊಗೆ ನೋಡ್ತಿರೋ ನಾವು ಈ ಮಾತು ನೆನಪಿಟ್ಟುಕೊಳ್ಳಬೇಕು.

ಅಂಗಡಿ ಲೆಕ್ಕ

ಈಗ ವ್ಯಾಪಾರಸ್ಥರಿಗೆ ಅರ್ಥ ಆಗೋ ಲೆಕ್ಕ ಹಾಕೋಣ. ಆರು ದಿನದ ಯೋಜನೆ ಬಂದಾಗ ಒಂದು ತತ್ತಿಗೆ 6 ರೂಪಾಯಿ ಇಟ್ಟರು. ಅದರಲ್ಲಿ ತತ್ತಿಗೆ 5 ರೂಪಾಯಿ, ಗ್ಯಾಸಿಗೆ 50 ಪೈಸೆ, ಸುಲಿಯೋ ಕೂಲಿ 30 ಪೈಸೆ, ಸಾಗಾಟಕ್ಕೆ 20 ಪೈಸೆ.

100 ಮಕ್ಕಳ ಶಾಲೆಗೆ ವಾರಕ್ಕೆ 600 ತತ್ತಿ, ಅಂದ್ರೆ 20 ಟ್ರೇ. ಪೇಟೆಯಲ್ಲಿ ತತ್ತಿ 6 ರೂಪಾಯಿ 50 ಪೈಸೆ ಆಯ್ತು ಅಂದುಕೊಳ್ಳಿ. ಒಂದಕ್ಕೆ ಒಂದೂವರೆ ರೂಪಾಯಿ ಕಮ್ಮಿ ಬೀಳ್ತದೆ. ವಾರಕ್ಕೆ 900 ರೂಪಾಯಿ. ಇದನ್ನ ಹೆಡ್‌ಮಾಸ್ತರು ಜೇಬಿಂದ ಹಾಕಬೇಕು, ಇಲ್ಲಾ ಅಂಗಡಿಯವರು ಉದ್ರಿ ಬರೆದುಕೊಳ್ಳಬೇಕು, ಅದೂ ಇಲ್ಲಾಂದ್ರೆ ಮಕ್ಕಳ ತಟ್ಟೆಯಲ್ಲಿ ಕಡಿಮೆ ಆಗ್ತದೆ. ಚಳಿಗಾಲ ಬಂದ್ರೆ ತತ್ತಿ ರೇಟು ಏರೋದು ನಿಮಗೆ ಹೇಳಬೇಕಿಲ್ಲ. ಬೆಂಗಳೂರಲ್ಲಿ ಕೋಟಿಗಳಲ್ಲಿ ಆದ ಒಪ್ಪಂದ ನಮ್ಮ ತಾಲೂಕಲ್ಲಿ ಪೈಸೆ ಲೆಕ್ಕದಲ್ಲಿ ಸೋರಿ ಹೋಗಬಹುದು.

ಇನ್ನು ದೊಡ್ಡ ಲೆಕ್ಕ. ಮೂರು ವರ್ಷಕ್ಕೆ 1,500 ಕೋಟಿ ಅಂದ್ರೆ ವರ್ಷಕ್ಕೆ 500 ಕೋಟಿ. 2025-26ರ ರಾಜ್ಯ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ನೂರು ರೂಪಾಯಿ ಖರ್ಚಿನಲ್ಲಿ ಸುಮಾರು 12 ಪೈಸೆ. ಫೌಂಡೇಶನ್ ಕೊಡೋ ಆ ನಾಲ್ಕು ದಿನದ ತತ್ತಿಯನ್ನ ಸರ್ಕಾರವೇ ವಹಿಸಿಕೊಂಡ್ರೆ ಬೀಳೋ ಭಾರ ಇಷ್ಟು. ಯಾವ ಪಕ್ಷದ ಸರ್ಕಾರ ಬಂದ್ರೂ ಇದು ಹೊರಲಾಗದ ಹೊರೆ ಅಂತ ಹೇಳೋಕಾಗಲ್ಲ.

ಏನು ಕೇಳಬೇಕು

"ಶ್ರೀಮಂತರು ಕೊಡ್ತಿದ್ದಾರಲ್ಲ, ಸರ್ಕಾರ ಯಾಕೆ ಕೊಡಬೇಕು" ಅಂತ ಕೇಳೋರು ಇದ್ದಾರೆ. ಪ್ರೇಮ್‌ಜಿ ಅವರ ಕೆಲಸಕ್ಕೆ ಕೈ ಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಫೌಂಡೇಶನ್‌ಗೆ ನಾವು ವೋಟು ಹಾಕಿಲ್ಲ, ನಾಳೆ ಅವರು ನಿಲ್ಲಿಸಿದ್ರೆ ಸೋಲಿಸೋಕೂ ಆಗಲ್ಲ. ಶಾಸಕರನ್ನ ಕೇಳಬಹುದು.

ದಾನದಿಂದ ಒಂದು ಕೆಲಸ ಆಗ್ತದೆ: ಆರು ದಿನ ತತ್ತಿ ಕೊಡೋಕೆ ಸಾಧ್ಯ ಅಂತ ತೋರಿಸಿಕೊಡ್ತದೆ. ಅದನ್ನ ಮಕ್ಕಳ ಹಕ್ಕಾಗಿ ಮಾಡೋದು ಬಜೆಟ್ ಪುಸ್ತಕದಲ್ಲಿ ಬರೆಯೋರ ಕೆಲಸ. ಜನ ಕೇಳದೇ ಇದ್ದರೆ ಅವರು ಬರೆಯಲ್ಲ.

ಹಾಗಾಗಿ ಪಾಲಕರು ಎಸ್‌ಡಿಎಂಸಿ ಸಭೆಗೆ ಹೋಗಿ ತತ್ತಿ ರಿಜಿಸ್ಟರ್ ನೋಡಿ. ಆರು ದಿನವೂ ಕೊಟ್ಟಿದ್ದಾರಾ, ಎಷ್ಟಕ್ಕೆ ಖರೀದಿ, ಬಾಕಿ ಎಷ್ಟು ಅಂತ ಕೇಳಿ. ತತ್ತಿ ಸರಬರಾಜು ಮಾಡೋ ಅಂಗಡಿಯವರು ನಿಮ್ಮ ಬಾಕಿಯನ್ನ ಲಿಖಿತವಾಗಿ ಕೊಡಿ, ಬಾಯಿ ಮಾತಿನ ಲೆಕ್ಕ ಮೇಲಿನವರಿಗೆ ಮುಟ್ಟಲ್ಲ. ಚುನಾವಣೆ ಹೊತ್ತಿಗೆ ಮನೆ ಬಾಗಿಲಿಗೆ ಬರೋ ಎಲ್ಲ ಪಕ್ಷದವರಿಗೂ ಒಂದೇ ಪ್ರಶ್ನೆ ಇಡಿ: ಒಪ್ಪಂದ ಮುಗಿದ ಮೇಲೆ ಆ ನಾಲ್ಕು ದಿನದ ತತ್ತಿ ನಿಮ್ಮ ಬಜೆಟ್‌ನಲ್ಲಿ ಐತೋ ಇಲ್ಲೋ?