ಅವರು ಬಿಸಾಡಿದ ಬೆತ್ತ ನಮ್ಮ ಮಕ್ಕಳ ಬೆನ್ನಿಗೇಕೆ?



ಬೇಸಿಗೆ ರಜೆ ಬಂತೆಂದರೆ ನಮ್ಮ ಪ್ರೆಸ್ಸಿಗೆ ಕಾನ್ವೆಂಟ್ ಶಾಲೆಗಳ ಡೈರಿಗಳು ಅಚ್ಚಿಗೆ ಬರುತ್ತವೆ. ಪ್ರತಿ ಪುಟದ ಅಡಿಯಲ್ಲೂ ಒಂದೊಂದು ಇಂಗ್ಲಿಷ್ ಗಾದೆ. ಒಂದು ಡೈರಿಯ ಕರಡು ತಿದ್ದುವಾಗ ಎರಡು ಸಾಲು ಕಣ್ಣಿಗೆ ಬಿದ್ದವು. ಒಂದು, 'ಸ್ಪೇರ್ ದಿ ರಾಡ್ ಅಂಡ್ ಸ್ಪಾಯಿಲ್ ದಿ ಚೈಲ್ಡ್'. ಬೆತ್ತ ಕೆಳಗಿಟ್ಟರೆ ಮಗು ಕೆಟ್ಟಿತು ಅಂತ. ಇನ್ನೊಂದು ಶಾಲೆಯ ನಿಯಮ: ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದರೆ ದಂಡ! ಕೆಳಗೆ ಪೋಷಕರ ಸಹಿಗೆ ಜಾಗ. ಬೇರೆ ಭಾಷೆ ಎಂದರೆ ಯಾವುದು ಸ್ವಾಮಿ? ಬೆಂಗಳೂರಿನ ಮಗು ಜಪಾನಿ ಆಡುತ್ತದೆಯೇ?

ಈ ಗಾದೆಗಳನ್ನು ಬ್ರಹ್ಮವಾಕ್ಯವೆಂದು ನಂಬಿದವರು ಅವುಗಳ ಜಾತಕ ನೋಡಿದ್ದಾರೆಯೇ? ಬೆತ್ತದ ಮಾತಿನ ಬೇರು ಬೈಬಲ್ಲಿನ ಜ್ಞಾನೋಕ್ತಿಗಳಲ್ಲಿದೆ. ಅದೇ ಮಾತನ್ನು 17ನೇ ಶತಮಾನದ ಸ್ಯಾಮ್ಯುಯೆಲ್ ಬಟ್ಲರ್ ತನ್ನ 'ಹ್ಯೂಡಿಬ್ರಾಸ್' ಎಂಬ ಗೇಲಿ ಕಾವ್ಯದಲ್ಲಿ ಬಳಸಿದ್ದು ಪ್ರೇಮದ ಪ್ರಸಂಗದಲ್ಲಿ! ಮಕ್ಕಳು ಕಣ್ಣಿಗೆ ಕಾಣಬೇಕು, ದನಿ ಕೇಳಬಾರದು ಎಂಬ ಇನ್ನೊಂದು ಗಾದೆ ಐನೂರು ವರ್ಷಕ್ಕೂ ಹಿಂದೆ ಹುಟ್ಟಿದಾಗ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಇದ್ದದ್ದು. ಎಲ್ಲವೂ ಕೆಟ್ಟವಲ್ಲ. ಆಟವಿಲ್ಲದ ಬರೀ ದುಡಿಮೆಯಿಂದ ಜ್ಯಾಕ್ ಮಂಕಾಗುತ್ತಾನೆ ಎಂಬ ಗಾದೆ 1659ರಲ್ಲೇ ಜೇಮ್ಸ್ ಹೋವೆಲ್‌ನ ಸಂಗ್ರಹದಲ್ಲಿ ಅಚ್ಚಾಗಿದೆ. ಟ್ಯೂಷನ್ ಮೇಲೆ ಟ್ಯೂಷನ್ ಹೇರುವ ನಮ್ಮವರಿಗೆ ಅದು ಮಾತ್ರ ಬೇಡ. ಹಾಗೆ ನೋಡಿದರೆ 'ದಂಡಂ ದಶಗುಣಂ' ಎಂದು ಚರ್ಮ ಸುಲಿದ ಮೇಷ್ಟ್ರುಗಳು ನಮ್ಮಲ್ಲೂ ಇದ್ದರು, ಒಪ್ಪೋಣ.

ಆದರೆ ಗಾದೆಯ ಒಡೆಯರು ಏನು ಮಾಡಿದರು? 1986ರಲ್ಲಿ ಕಾಯ್ದೆ ತಂದು, 1987ರಿಂದ ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಷೇಧಿಸಿದರು. 1999ರಲ್ಲಿ ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲೂ ಅದು ಹೋಯಿತು. ಅವರು ಗುಜರಿಗೆ ಹಾಕಿದ್ದನ್ನು ನಾವು ಡೈರಿಯಲ್ಲಿ ಪೂಜಿಸುತ್ತಿದ್ದೇವೆ!

ಆ ಬೆತ್ತ ಭಾಷೆಯ ಮೇಲೂ ಬಿದ್ದಿತ್ತು. ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನಲ್ಲಿ, 19ನೇ ಶತಮಾನದಲ್ಲಿ, ಎಷ್ಟೋ ಶಾಲೆಗಳಲ್ಲಿ 'ವೆಲ್ಷ್ ನಾಟ್' ಎಂಬ ಮರದ ತುಂಡು ಇರುತ್ತಿತ್ತು. ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಅದನ್ನು ನೇತುಹಾಕುವುದು. ಇನ್ನೊಂದು ಮಗು ಬಾಯಿ ತಪ್ಪಿ ವೆಲ್ಷ್ ಆಡಿದರೆ ಅದರ ಕೊರಳಿಗೆ ವರ್ಗ. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಆ ಮಗುವಿಗೆ ಏಟು. ಗೆಳೆಯ ಯಾವಾಗ ತಾಯ್ನುಡಿ ಆಡುತ್ತಾನೋ ಎಂದು ಗೆಳೆಯನೇ ಹೊಂಚು ಹಾಕಬೇಕು! ಹೀಗೆ ಮಾಡಿರೆಂದು ಲಂಡನ್ನಿನ ಸರ್ಕಾರ ಆಜ್ಞೆ ಹೊರಡಿಸಿರಲಿಲ್ಲ, ಗಮನಿಸಿ. ಊರಿನ ಮೇಷ್ಟ್ರೇ ಮಾಡಿದರು. ಎಷ್ಟೋ ಕಡೆ ತಂದೆತಾಯಿಗಳೇ, ಮಗ ಇಂಗ್ಲಿಷ್ ಕಲಿತು ಉದ್ಧಾರವಾಗಲಿ ಎಂದು, ಒಪ್ಪಿದರು. ಡೈರಿಯಲ್ಲಿ ಪೋಷಕರ ಸಹಿ ಎಂದರೆ ಇದೇ ಅಲ್ಲವೇ?

1901ರ ಜನಗಣತಿಯಲ್ಲಿ ವೇಲ್ಸಿನ ಅರ್ಧದಷ್ಟು ಜನ ವೆಲ್ಷ್ ಬಲ್ಲವರು. 2021ರಲ್ಲಿ ಶೇಕಡಾ 17.8. ಮರದ ತುಂಡೊಂದೇ ಕಾರಣವಲ್ಲ; ಗಣಿಗಳಿಗೆ ಬಂದ ವಲಸೆಯೂ ಇತ್ತು. ಆದರೆ ತಾಯ್ನುಡಿಗೆ ನಾಚುವುದನ್ನು ಕಲಿತ ಮಗು ನಾಳೆ ತನ್ನ ಮಗುವಿಗೆ ಅದನ್ನು ಕಲಿಸುತ್ತದೆಯೇ? ಈಗ ಅಲ್ಲಿನವರು ವೆಲ್ಷ್ ಮಾಧ್ಯಮ ಶಾಲೆ ಕಟ್ಟಿ, 2011ರಲ್ಲಿ ಕಾಯ್ದೆ ಮಾಡಿ, ಕಳೆದದ್ದನ್ನು ಹೆಕ್ಕುತ್ತಿದ್ದಾರೆ.

ಇಂಗ್ಲಿಷ್ ಕಲಿಯಬೇಡಿ ಎಂದು ಹೇಳುತ್ತಿಲ್ಲ. ಚೆನ್ನಾಗಿಯೇ ಕಲಿಯಲಿ. ಅದಕ್ಕೆ ಕನ್ನಡದ ನಾಲಿಗೆಗೆ ಬರೆ ಹಾಕಬೇಕೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಮ್ಮನ ಮಾತು ಆಡಿದ್ದಕ್ಕೆ ತರಗತಿಯ ಮುಂದೆ ನಿಲ್ಲಿಸಿ ದಂಡ ಕೇಳುವುದು ಕಿರುಕುಳವಲ್ಲದೆ ಸನ್ಮಾನವೇ?

ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನೀವೇ. ಅಪ್ಪ ಅಮ್ಮ ಓದದೆ ಸಹಿ ಹಾಕುತ್ತಾರೆ. ತಮ್ಮ, ತಂಗಿ, ಅಕ್ಕನ ಮಗಳು, ಯಾರದೇ ಇರಲಿ, ಜೂನ್‌ನಲ್ಲಿ ಡೈರಿ ಕೈಗೆ ಬಂದ ದಿನವೇ ನಿಯಮದ ಪುಟ ತೆರೆಯಿರಿ. ಆ ಸಾಲಿದ್ದರೆ ಸಹಿ ತಡೆಯಿರಿ. ಪುಟದ ನಕಲು ತೆಗೆದು, 17ನೇ ಕಲಂ ಹೆಸರಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ಒಂದು ಪ್ರತಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಹೋಗಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ದೂರು ಕನ್ನಡದಲ್ಲೇ ಇರಲಿ.