ಟೊಮೆಟೊ ಬಣ್ಣ ಬದಲಾದರೆ ಬಾಕ್ಸಿನ ರೇಟು ಬದಲಾಗುತ್ತಾ?

ಚೀನಾದ ವಿಜ್ಞಾನಿಗಳು ಒಂದೇ ಕೆಂಪು ಟೊಮೆಟೊ ತಳಿಯ ಮೂರು ಜೀನ್‌ಗಳನ್ನು ತಿದ್ದಿ ಏಳು ಬಣ್ಣದ ಹಣ್ಣು ತೆಗೆದಿದ್ದಾರೆ. ಹಳದಿ, ಗುಲಾಬಿ, ಕಂದು, ಹಣ್ಣಾದರೂ ತಿಳಿಹಸಿರು, ಹೀಗೆ. 2023ರಲ್ಲಿ ಅದನ್ನು ಪ್ರಕಟಿಸಿದರು. ಹಿಡಿದದ್ದು ಒಂದು ವರ್ಷಕ್ಕಿಂತ ಕಡಿಮೆ. ತಳಿಗೆ ತಳಿ ಕ್ರಾಸ್ ಮಾಡುತ್ತಾ ಹೋದರೆ ಇದಕ್ಕೆ ಹಲವು ವರ್ಷ ಬೇಕು.

ಕೆಲಸ ನಡೆಯುವುದು ಹೀಗೆ. ಟೊಮೆಟೊ ಕೆಂಪಾಗಿ ಕಾಣುವುದು ತಿರುಳಿನ ಕೆಂಪು, ಸಿಪ್ಪೆಯ ಹಳದಿ ಎರಡೂ ಸೇರಿ. ಸಿಪ್ಪೆಗೆ ಹಳದಿ ತರುವ ಜೀನ್ ಕೆಲಸ ನಿಲ್ಲಿಸಿದರೆ ಸಿಪ್ಪೆ ಗಾಜಿನ ಹಾಗೆ ತಿಳಿಯಾಗುತ್ತದೆ, ಹಣ್ಣು ಗುಲಾಬಿ ಕಾಣುತ್ತದೆ. ಬಿಟಿ ಹತ್ತಿಗೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದರು. ಇಲ್ಲಿ ತಿದ್ದುವುದು ಗಿಡದ್ದೇ ಜೀನನ್ನು. ಹಾಗಾಗಿ ಇದು ವಿಷ ಎಂದು ವಾಟ್ಸಾಪ್‌ನಲ್ಲಿ ಹೆದರಿಸುವವರ ಜೊತೆ ನಾವಿಲ್ಲ. ನಮ್ಮ ತಕರಾರು ಬೇರೆ.

ಒಂದು, ಬಣ್ಣ ಯಾರ ಸಮಸ್ಯೆ? ಬಣ್ಣ ಸರಿಯಿಲ್ಲ ಅಂತ ಕೋಲಾರದ ಕಡೆ ಯಾರೂ ಟೊಮೆಟೊ ರಸ್ತೆಗೆ ಸುರಿದಿಲ್ಲ. 15 ಕೆಜಿ ಬಾಕ್ಸಿಗೆ ಕೀಳುವ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದಾಗ ಸುರಿದಿದ್ದಾರೆ. ಎಲೆ ಮುಟುರು ರೋಗ ಬಂದಾಗ ಗಿಡವನ್ನೇ ಕಿತ್ತು ಹಾಕಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಳೇ ಕ್ರಾಸಿಂಗ್ ದಾರಿಯಲ್ಲೇ ಮೂರು ರೋಗ ತಡೆಯುವ 'ಅರ್ಕಾ ರಕ್ಷಕ್' ಕೊಟ್ಟಿತು. ಈಗ ಅದಕ್ಕಿಂತ ಚುರುಕಾದ ಕತ್ತರಿ ಕೈಗೆ ಬಂದಿದೆ. ಸರ್ಕಾರದ ದುಡ್ಡಿನಲ್ಲಿ ಆ ಕತ್ತರಿ ಆಡಿಸುವುದಾದರೆ ಮೊದಲು ರೋಗದ ಮೇಲೆ ಆಡಿಸಿ.

ಹೊಸ ಬಣ್ಣಕ್ಕೆ ಮಾಲ್‌ನಲ್ಲಿ ಒಳ್ಳೆ ರೇಟು ಸಿಗುತ್ತದೆ ಎನ್ನುತ್ತಾರೆ. ಸಿಗಬಹುದು. ಆದರೆ ದುಬಾರಿ ಬೀಜಕ್ಕೆ ಮೊದಲು ದುಡ್ಡು ಕಟ್ಟುವವನು ರೈತ. ಮಂಡಿಯಲ್ಲಿ ಆ ಬಣ್ಣ ಯಾರೂ ಕೇಳದಿದ್ದರೆ ಮುಳುಗುವವನೂ ಅವನೇ. ಎಲ್ಲರೂ ಬೆಳೆದ ಮೇಲೆ ಅದೂ ಮಾಮೂಲಿ ಟೊಮೆಟೊ.

ಎರಡು, ನಮಗೆ ಹೇಳುವವರು ಯಾರು? 2010ರಲ್ಲಿ ಬಿಟಿ ಬದನೆ ತಡೆಯುವ ಮೊದಲು ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಸಭೆ ನಡೆಯಿತು, ರೈತರು ಎದ್ದು ನಿಂತು ಮಾತಾಡಿದರು. 2022ರ ಮಾರ್ಚ್‌ನಲ್ಲಿ, ಹೊರಗಿನ ಜೀನ್ ಉಳಿಯದ ತಿದ್ದಿದ ಗಿಡಗಳಿಗೆ ಕೇಂದ್ರ ಸರ್ಕಾರ ಕುಲಾಂತರಿಗಳ ಕಠಿಣ ಒಪ್ಪಿಗೆಯಿಂದ ವಿನಾಯಿತಿ ಕೊಟ್ಟಿತು. 2025ರ ಮೇನಲ್ಲಿ ಅಂಥ ಎರಡು ಭತ್ತದ ತಳಿ ಘೋಷಣೆಯಾದವು. ನಾಳೆ ತರಕಾರಿ ಬರುತ್ತದೆ. ವಿನಾಯಿತಿ ಇರಲಿ, ಆದರೆ ಬೀಜದ ಪ್ಯಾಕೆಟ್ ಮೇಲೆ 'ಜೀನ್ ತಿದ್ದಿದ ತಳಿ' ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ.

ಮೂರು, ಬೀಜ ಯಾರದ್ದು? ಉಡುಪಿಯ ಮಟ್ಟು ಗುಳ್ಳದ ತಿಳಿಹಸಿರು ಬಣ್ಣ ಲ್ಯಾಬಿನಲ್ಲಿ ಹುಟ್ಟಿದ್ದಲ್ಲ. ಅಲ್ಲಿನ ರೈತರು ತಲೆಮಾರುಗಳಿಂದ ಬೀಜ ಆರಿಸಿ ಉಳಿಸಿಕೊಂಡದ್ದು. ಅಂಥ ತಳಿಯ ಒಂದು ಜೀನ್ ತಿದ್ದಿ ಬಣ್ಣ ಬದಲಿಸಿದವರು ಇಡೀ ಗಿಡ ನಮ್ಮದು ಎನ್ನಬಹುದೇ? ಜೀನ್ ತಿದ್ದುವ ತಂತ್ರದ ಮೇಲೆ ಈಗಾಗಲೇ ಪೇಟೆಂಟುಗಳಿವೆ. ಬೆಳೆದ ಬೀಜ ಎತ್ತಿಟ್ಟು ಮತ್ತೆ ಬಿತ್ತುವ ಹಕ್ಕನ್ನು 2001ರ ಕಾಯ್ದೆ ರೈತರಿಗೆ ಕೊಟ್ಟಿದೆ. ತಿದ್ದಿದ ಬೀಜಕ್ಕೂ ಆ ಹಕ್ಕು ಮುಟ್ಟಬಾರದು.

ಮುಂದಿನ ಕೃಷಿ ಮೇಳಕ್ಕೆ ಹೋದಾಗ ಬಣ್ಣದ ಹಣ್ಣಿನ ಜೊತೆ ಸೆಲ್ಫಿ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಸ್ಟಾಲಿನಲ್ಲಿ ನಿಂತವರನ್ನು ಈ ಮೂರು ಪ್ರಶ್ನೆ ಕೇಳಿ. ನೇರ ಉತ್ತರ ಕೊಟ್ಟರೆ ನೀಲಿ ಟೊಮೆಟೊ ತಂದರೂ ಒಂದು ಸಾಲು ನೆಟ್ಟು ನೋಡೋಣ. ಕೊಡದಿದ್ದರೆ ಬೀಜ ಅವರ ಹತ್ತಿರವೇ ಇರಲಿ.